ರಾತ್ರಿ ಬೆವರಿನ ಲೆಕ್ಕ: 11ನೇ ವಾರ

ಮುಟ್ಟು ನಿಂತ ಮೇಲೆ ಕಾಡುವ ರಾತ್ರಿ ಬೆವರಿಗೆ ನನ್ನ ಮಟ್ಟಿಗೆ ಕಾರಣ ಸಿಕ್ಕಿಬಿಟ್ಟಿತು! ರಾತ್ರಿ ಎಷ್ಟು ಸಲ ಬೆವರಿ ಎದ್ದೆ ಅಂತ ನೋಟ್‌ಬುಕ್ಕಿನಲ್ಲಿ ಬರೆಯಲು ಶುರು ಮಾಡಿ ಇದು 11ನೇ ವಾರ. ನಿನ್ನೆ ರಾತ್ರಿ ನಾನು ಎದ್ದಿದ್ದು ಒಂದೇ ಸಲ. ನೈಟಿ ಬದಲಿಸುವ ಪ್ರಮೇಯವೇ ಬರಲಿಲ್ಲ.

ಹತ್ತಿ ಬಟ್ಟೆ, ತೆರೆದ ಕಿಟಕಿ, ಪಕ್ಕದಲ್ಲಿ ತಂಬಿಗೆ ನೀರು ಎಲ್ಲ ನೀವೂ ಮಾಡಿಯೇ ಇರುತ್ತೀರಿ, ಮತ್ತೆ ಬರೆಯುವುದಿಲ್ಲ. ನನಗೆ ಮುಟ್ಟು ನಿಂತು 14 ತಿಂಗಳಾಯಿತು. ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದೇನೆ, ಸರಿಯಿದೆ. ಅದನ್ನು ಮಾತ್ರ ಯಾರೂ ಬಿಡಬೇಡಿ. ಥೈರಾಯ್ಡ್ ಜಾಸ್ತಿಯಾದರೂ ಹೀಗೇ ಬೆವರುತ್ತದೆ.

ನನಗೆ ಜಗ್ಗದೇ ಇದ್ದದ್ದು ರಾತ್ರಿ 11ರಿಂದ 1ರ ನಡುವಿನ ಬೆವರು. ಶಿರಸಿಯ ಚಳಿಗೆ ಇವರು ಎರಡು ಕಂಬಳಿ ಹೊದ್ದು ಮಲಗಿದ್ದರೆ ನಾನು ಎದ್ದು ಕೂತಿರುತ್ತಿದ್ದೆ. ಮೊದಲು ಎದೆಯ ಹತ್ತಿರ ಕಾವು. ಅದು ಕುತ್ತಿಗೆಗೆ ಏರುತ್ತದೆ. ಕಿವಿಯ ಹಿಂದಿನಿಂದ ಬೆವರು ಹನಿ ಹನಿಯಾಗಿ ಇಳಿಯುತ್ತದೆ. ಎರಡು ಮೂರು ನಿಮಿಷ ಅಷ್ಟೇ. ಆಮೇಲೆ ಒದ್ದೆ ಬಟ್ಟೆಯಲ್ಲಿ ಗಡಗಡ ನಡುಕ. ರಾತ್ರಿಗೆ 4 ಸಲ, ಒಮ್ಮೊಮ್ಮೆ 5.

ಬೆವರು ತಗ್ಗೀತು ಅಂತ ಅಗಸೆ ಬೀಜ ಎರಡು ತಿಂಗಳು ತಿಂದೆ. ಪೇಟೆಯಲ್ಲಿ ತಂದ ಅಗಸೆ ಪುಡಿ ಪ್ಯಾಕೆಟ್ ಒಡೆದಾಗಲೇ ಕಮಟು ವಾಸನೆ. ಅಂಗಡಿಯವರು ಅದು ಹಾಗೇ ಇರುತ್ತದೆ ಅಂದರು. ಇಲ್ಲ, ಇರುವುದಿಲ್ಲ! ಪುಡಿ ಮಾಡಿದ ಮೇಲೆ ಅದರ ಎಣ್ಣೆ ಬೇಗ ಕೆಡುತ್ತದೆ. ಇಡೀ ಬೀಜ ತಂದು ವಾರಕ್ಕೆ ಬೇಕಾದಷ್ಟೇ ಪುಡಿ ಮಾಡಿಕೊಳ್ಳಿ. ಮಲಬದ್ಧತೆಗೆ ಒಳ್ಳೆಯದಾಯಿತು, ಬೆವರು ಮಾತ್ರ ಇದ್ದಲ್ಲೇ ಇತ್ತು. ಅಮೆರಿಕದಲ್ಲಿ ಅರ್ಧ ಹೆಂಗಸರಿಗೆ ಅಗಸೆ, ಉಳಿದವರಿಗೆ ಬರೀ ಹೆಸರಿಗೆ ಏನೋ ಒಂದು ಕೊಟ್ಟು ನೋಡಿದಾಗ ಎರಡೂ ಗುಂಪಿನಲ್ಲಿ ಮೈಗೆ ಏರುವ ಈ ಸೆಕೆ ಒಂದೇ ಥರ ಕಡಿಮೆಯಾಗಿತ್ತಂತೆ. ಅಂದರೆ ಔಷಧಿ ತಿಂದೆ ಅನ್ನುವ ನಂಬಿಕೆಗೇ ಸ್ವಲ್ಪ ತಗ್ಗುತ್ತದೆ. ಹಾಗಾಗಿ ಯಾವುದನ್ನೇ ಆಗಲಿ, ಬಿಟ್ಟು, ಮತ್ತೆ ಶುರು ಮಾಡಿ ನೋಡದೆ ನಂಬಬಾರದು ಅಂತ ತೀರ್ಮಾನಿಸಿದೆ.

ಸುಳಿವು ಸಿಕ್ಕಿದ್ದು 5ನೇ ವಾರ, ಕುಮಟಾದ ತಂಗಿ ಮನೆಯಲ್ಲಿ. ದೇವಿಮನೆ ಘಟ್ಟ ಇಳಿಯುವಾಗಲೇ ಮುಖಕ್ಕೆ ಬಿಸಿಗಾಳಿ ಹೊಡೆಯಿತು. ಇಲ್ಲಿ ಸತ್ತೇ ಹೋದೆ ಅಂದುಕೊಂಡೆ. ಆದರೆ ಮೂರು ರಾತ್ರಿಯೂ ನೋಟ್‌ಬುಕ್ಕಿನಲ್ಲಿ 1, 2, 1! ಕರಾವಳಿ ಸೆಕೆಯಲ್ಲಿ ನಿದ್ದೆ, ಘಟ್ಟದ ಮೇಲಿನ ಚಳಿಯಲ್ಲಿ ಬೆವರು. ಇದೆಂಥದು?

ತಂಗಿ ಮನೆಯಲ್ಲಿ ಬೇರೆ ಇದ್ದದ್ದು ಎರಡೇ. ಊಟ ಏಳೂವರೆಗೇ ಮುಗಿಯುತ್ತಿತ್ತು. ಮಲಗುವ ಮುಂಚೆ ಕಷಾಯ ಇರಲಿಲ್ಲ.

ಕಷಾಯ! ನಮ್ಮ ಮನೆಯಲ್ಲಿ ಒಂಬತ್ತಕ್ಕೆ ಒಂದು ಲೋಟ, ಆವಿ ಏಳುವಾಗಲೇ ಕುಡಿಯಬೇಕು. ಪುಡಿಗೆ ಕೊತ್ತಂಬರಿ, ಜೀರಿಗೆ, ಒಣಶುಂಠಿ, ಜೊತೆಗೆ ನಮ್ಮದೇ ತೋಟದ ಕಾಳುಮೆಣಸು. ಮೈಗೆ ಒಳ್ಳೆಯದು ಅಂತ ನಾನೇ ಮೆಣಸು ಒಂದು ಹಿಡಿ ಜಾಸ್ತಿ ಹಾಕಿದ್ದೆ.

ಒಂದೊಂದಾಗಿ ನೋಡಿದೆ. ಊಟ ಬೇಗ, ಕಷಾಯ ಎಂದಿನಂತೆ: ಒಂದು ವಾರ, ರಾತ್ರಿಗೆ 3. ಊಟ ಎಂದಿನಂತೆ, ಕಷಾಯ ಇಲ್ಲ: ಎರಡು ವಾರ, 1 ಅಥವಾ 2. ಮತ್ತೆ ಕಷಾಯ ಶುರು ಮಾಡಿದೆ. ಮೂರನೇ ರಾತ್ರಿಗೇ 4. ಹಾಸಿಗೆಯಲ್ಲಿ ಕೂತು ಅಳುವಷ್ಟಾಯಿತು. ಆದರೂ ವಾರ ಪೂರ್ತಿ ಮಾಡಿದೆ.

ಮುಟ್ಟು ನಿಲ್ಲುವಾಗ ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನು ಇಳಿಯುತ್ತದೆ. ಅದು ಇಳಿದಾಗ ಮೆದುಳಿನಲ್ಲಿ ಮೈ ಬಿಸಿ ನೋಡಿಕೊಳ್ಳುವ ಜಾಗ ತೀರಾ ನಾಜೂಕಾಗುತ್ತದೆ. ಮೊದಲು ಗಮನಕ್ಕೇ ಬಾರದಷ್ಟು ಕಾವು ಏರಿದರೂ ಬೆವರು ಹರಿಸಿಬಿಡುತ್ತದೆ. ಬಿಸಿ ಪಾನೀಯ, ಖಾರ, ಕಾಫಿ ಕೆಲವರಿಗೆ ಅಷ್ಟಕ್ಕೇ ಸಾಕು. ನಿಮಗೆ ಬೇರೆ ಯಾವುದೋ ಇರಬಹುದು. ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದರೆ ಮಾತ್ರ ಗೊತ್ತಾಗುತ್ತದೆ.

ಕಷಾಯ ಬಿಡುವ ಮಾತಿಗೆ ಅತ್ತೆ ಬೇಜಾರಾದರು. ಈಗ ಇಬ್ಬರೂ ಸಂಜೆ ಐದಕ್ಕೆ ಕುಡಿಯುತ್ತೇವೆ. ನನ್ನ ಲೋಟಕ್ಕೆ ಮೆಣಸು, ಶುಂಠಿ ಇಲ್ಲ. ಅತ್ತೆಯೇ ಬೇರೆ ಪುಡಿ ಮಾಡಿಕೊಟ್ಟಿದ್ದಾರೆ. ಎರಡು ವಾರದಿಂದ ಲೆಕ್ಕ 1, 2ರಲ್ಲೇ ಇದೆ.

ಇದರ ನಡುವೆ ಮುಂದಿನ ಕೆಲಸವೂ ತಲೆಗೆ ಬಂದಿದೆ: ಮೂಳೆ. ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತದೆ, ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350. ಜೊತೆಗೆ ನಡೆಯಬೇಕು, ಭಾರವನ್ನೂ ಎತ್ತಬೇಕು. ತೋಟಕ್ಕೆ ಸೊಪ್ಪು ತರುವ ಕಾಡು, ನಮ್ಮ ಸೊಪ್ಪಿನ ಬೆಟ್ಟ, ಮನೆ ಹಿಂದೆಯೇ ಇದೆ. ಸಣ್ಣ ಹೊರೆಯಿಂದ ಶುರು ಮಾಡುತ್ತೇನೆ, ಅದರ ಲೆಕ್ಕಕ್ಕೂ ಒಂದು ನೋಟ್‌ಬುಕ್ ತೆಗೆದಿಟ್ಟಿದ್ದೇನೆ.

ಇನ್ನೂ ಬಗೆಹರಿಯದ್ದು ಹಗಲು ಮೈಗೆ ಏರುವ ಸೆಕೆ. ಮೊನ್ನೆ ತೊಡದೇವು (ಬೋರಲು ಹಾಕಿದ ಬಿಸಿ ಮಡಕೆಯ ಮೇಲೆ ಮಾಡುವ ತೆಳ್ಳನೆ ಸಿಹಿ) ಮಾಡಲು ಒಲೆ ಮುಂದೆ ಕೂತವಳು ಮೂರು ಮಾಡುವಷ್ಟರಲ್ಲೇ ಎದ್ದು ಹೊರಗೆ ಓಡಿದೆ. ಒಲೆ ಮುಂದೆ ಕೂರುವವರು ಏನು ಮಾಡುತ್ತೀರಿ, ಹೇಳಿ.