ಒಂದೇ ನೆಟ್‌ವರ್ಕ್, ಮೂರು ಥರದ ಸರ್ವರ್: ಮೊದಲು ಗಡಿಯಾರ ನೋಡಿ

ವಿಂಡೋಸ್ ಸರ್ವರ್, ಡೆಬಿಯನ್ (ಒಂದು ಬಗೆಯ ಲಿನಕ್ಸ್), ಫ್ರೀಬಿಎಸ್‌ಡಿ (ಯುನಿಕ್ಸ್ ಥರದ ಇನ್ನೊಂದು ಓಎಸ್) ಮೂರನ್ನೂ ಒಂದೇ ನೆಟ್‌ವರ್ಕ್‌ನಲ್ಲಿ ನೋಡಿಕೊಳ್ಳುವುದು ನನ್ನ ಕೆಲಸ. ಇದು ಗೊತ್ತಾದವರು ಮೊದಲು ಕೇಳುವುದೇ ಫೈಲ್ ಶೇರಿಂಗ್ ಬಗ್ಗೆ. ಅದಕ್ಕೆ ಸಾಂಬಾ ಇದೆ (ವಿಂಡೋಸ್ ಜೊತೆ ಫೈಲ್ ಹಂಚಿಕೊಳ್ಳಲು ಲಿನಕ್ಸ್, ಬಿಎಸ್‌ಡಿಗೆ ಹಾಕುವ ಸಾಫ್ಟ್‌ವೇರ್), 1992ರಿಂದ ಬೆಳೆದುಕೊಂಡು ಬಂದಿದೆ, ಚೆನ್ನಾಗಿಯೇ ನಡೆಯುತ್ತದೆ. ನಾನು ಮೊದಲು ನೋಡುವುದು ಎರಡೇ: ಟೈಮ್ ಮತ್ತು ಡಿಎನ್‌ಎಸ್ (ಮಷಿನ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ). ಇವು ಕೆಟ್ಟರೆ ತೊಂದರೆ ಅಲ್ಲಿ ಕಾಣಿಸುವುದೇ ಇಲ್ಲ. ಎಲ್ಲೋ ಲಾಗಿನ್ ಆಗಲ್ಲ, ಎಲ್ಲೋ ಶೇರ್ ಮೌಂಟ್ ಆಗಲ್ಲ, ನಾವು ಪರ್ಮಿಷನ್ ಕೆದಕುತ್ತಾ ಕೂರುತ್ತೇವೆ.

ಟೈಮ್ ಯಾಕೆ ಅಷ್ಟು ಮುಖ್ಯ? ವಿಂಡೋಸ್ ನೆಟ್‌ವರ್ಕ್‌ನ ಬಳಕೆದಾರರನ್ನೂ ಮಷಿನ್‌ಗಳನ್ನೂ ಒಂದೇ ಕಡೆ ನೋಡಿಕೊಳ್ಳುವ ಆಕ್ಟಿವ್ ಡೈರೆಕ್ಟರಿಯ ಲಾಗಿನ್ ನಡೆಯುವುದು ಕರ್ಬರೋಸ್ ಅನ್ನುವ ಗುರುತು ಪರೀಕ್ಷಿಸುವ ಪ್ರೊಟೊಕಾಲ್ ಮೇಲೆ. ಮಧ್ಯದಲ್ಲಿ ಯಾರಾದರೂ ಕದ್ದ ಸಂದೇಶವನ್ನು ಆಮೇಲೆ ಮತ್ತೆ ಕಳಿಸಬಾರದು ಅಂತ ಅದು ಪ್ರತಿ ಸಂದೇಶದ ಸಮಯ ನೋಡುತ್ತದೆ, ಡೀಫಾಲ್ಟ್ ಆಗಿ 5 ನಿಮಿಷದ ವ್ಯತ್ಯಾಸ ಮಾತ್ರ ಒಪ್ಪುತ್ತದೆ. ಡೊಮೇನ್‌ಗೆ (ಆಕ್ಟಿವ್ ಡೈರೆಕ್ಟರಿ ನೋಡಿಕೊಳ್ಳುವ ಗುಂಪಿಗೆ) ಸೇರಿಸಿದ ಲಿನಕ್ಸ್ ಸರ್ವರ್‌ನ ಗಡಿಯಾರ ಅದಕ್ಕಿಂತ ಜಾಸ್ತಿ ಜಾರಿದರೆ ಪಾಸ್‌ವರ್ಡ್ ಸರಿ ಇದ್ದರೂ ಒಳಗೆ ಬಿಡುವುದಿಲ್ಲ. ಹಾಗಾಗಿ ಮೂರೂ ಸಿಸ್ಟಮ್‌ಗಳು ಒಂದೇ ಕಡೆಯಿಂದ ಟೈಮ್ ತೆಗೆದುಕೊಳ್ಳಲಿ. ಡೊಮೇನ್ ಕಂಟ್ರೋಲರ್ (ಆಕ್ಟಿವ್ ಡೈರೆಕ್ಟರಿ ನಡೆಸುವ ವಿಂಡೋಸ್ ಸರ್ವರ್) ಹೊರಗಿನ ಎನ್‌ಟಿಪಿ ಸರ್ವರ್, ಅಂದರೆ ನೆಟ್‌ವರ್ಕ್ ಮೂಲಕ ಸರಿಯಾದ ಸಮಯ ಕೊಡುವ ಸರ್ವರ್ ನೋಡಲಿ, ಲಿನಕ್ಸ್‌ನ ಕ್ರೋನಿ ಮತ್ತು ಬಿಎಸ್‌ಡಿಯ ಎನ್‌ಟಿಪಿಡಿ ಅನ್ನುವ ಟೈಮ್ ಪ್ರೋಗ್ರಾಂಗಳು ಆ ಕಂಟ್ರೋಲರ್ ನೋಡಲಿ.

ವರ್ಚುವಲ್ ಮಷಿನ್ ಆದರೆ ಇನ್ನೊಂದು ತಲೆನೋವು. ವಿಂಡೋಸ್ ಹಾರ್ಡ್‌ವೇರ್ ಗಡಿಯಾರವನ್ನು ಸ್ಥಳೀಯ ಸಮಯ ಅಂದುಕೊಳ್ಳುತ್ತದೆ, ಲಿನಕ್ಸ್ ಸಾಮಾನ್ಯವಾಗಿ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ ಅಂದುಕೊಳ್ಳುತ್ತದೆ. ವರ್ಚುವಲ್ ಮಷಿನ್‌ಗಳನ್ನು ನಡೆಸುವ ಹೈಪರ್‌ವೈಸರ್‌ನಲ್ಲಿ ಗೆಸ್ಟ್ (ಒಳಗಿನ ಮಷಿನ್) ಯಾವ ಓಎಸ್ ಅಂತ ತಪ್ಪಾಗಿ ಹೇಳಿದ್ದರೆ ಬೂಟ್ ಆದ ಕೂಡಲೇ ಗಡಿಯಾರ ಗಂಟೆಗಟ್ಟಲೆ ಆಚೀಚೆ ಇರಬಹುದು. ಹೋಸ್ಟ್ (ಅವನ್ನು ನಡೆಸುವ ಹೊರಗಿನ ಮಷಿನ್) ಒಂದು ಕಡೆಯಿಂದ ಟೈಮ್ ತಿದ್ದುವುದು, ಎನ್‌ಟಿಪಿ ಇನ್ನೊಂದು ಕಡೆಯಿಂದ ಎಳೆಯುವುದು, ಇದೂ ಬೇಡ. ಯಾವುದಾದರೂ ಒಂದನ್ನು ಇಟ್ಟುಕೊಳ್ಳಿ, ನಾನು ಎನ್‌ಟಿಪಿಯನ್ನೇ ಇಟ್ಟುಕೊಳ್ಳುತ್ತೇನೆ.

ಇನ್ನು ಡಿಎನ್‌ಎಸ್. ಹಳೆಯ ವಿಂಡೋಸ್ ಡೊಮೇನ್‌ಗಳ ಹೆಸರು ಎಷ್ಟೋ ಕಡೆ ಡಾಟ್ ಲೋಕಲ್ (.local) ಅಂತ ಮುಗಿಯುತ್ತದೆ. ಆ ಥರದ ಹೆಸರಿಗೆ ಕೆಲವು ಲಿನಕ್ಸ್ ಮಷಿನ್‌ಗಳಲ್ಲಿ ಎನ್‌ಎಸ್‌ಲುಕಪ್ (ಹೆಸರು ಹುಡುಕುವ ಕಮಾಂಡ್) ಮಾಡಿದರೆ ಐಪಿ ಸರಿಯಾಗಿ ಬರುತ್ತದೆ, ಅದೇ ಹೆಸರಿಗೆ ಪಿಂಗ್ (ಮಷಿನ್ ಉತ್ತರ ಕೊಡುತ್ತದಾ ಅಂತ ನೋಡುವ ಕಮಾಂಡ್) ಕೊಟ್ಟರೆ ಹೆಸರೇ ಗೊತ್ತಿಲ್ಲ ಅನ್ನುತ್ತದೆ. ವಿಚಿತ್ರ ಅಲ್ವಾ? ಎನ್‌ಎಸ್‌ಲುಕಪ್ ನೇರವಾಗಿ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. ಪಿಂಗ್ ಮಾತ್ರ ಎನ್‌ಎಸ್‌ಸ್ವಿಚ್ ಫೈಲ್‌ನ (ಹೆಸರನ್ನು ಯಾವ ಕ್ರಮದಲ್ಲಿ ಎಲ್ಲೆಲ್ಲಿ ಹುಡುಕಬೇಕು ಅಂತ ಬರೆದಿರುವ ಫೈಲ್) ಹೋಸ್ಟ್ಸ್ ಸಾಲು ಹೇಳಿದಂತೆ ಹೋಗುತ್ತದೆ, ಇಂಥ ಮಷಿನ್‌ಗಳಲ್ಲಿ ಡಿಎನ್‌ಎಸ್‌ಗಿಂತ ಮೊದಲು ಎಂಡಿಎನ್‌ಎಸ್ (ಸರ್ವರ್ ಇಲ್ಲದೆ ಅಕ್ಕಪಕ್ಕದ ಮಷಿನ್‌ಗಳನ್ನೇ ಕೇಳುವ ವಿಧಾನ) ಇರುತ್ತದೆ, ಡಾಟ್ ಲೋಕಲ್ ಕಂಡ ತಕ್ಷಣ ಅದು ತನ್ನದು ಅಂತ ಹಿಡಿದುಕೊಂಡು, ಸಿಗದಿದ್ದರೆ ಅಲ್ಲೇ ಇಲ್ಲ ಅಂತ ಹೇಳಿ ನಿಲ್ಲಿಸಿಬಿಡುತ್ತದೆ. ಆ ಹೆಸರು 2013ರಿಂದ ಅಧಿಕೃತವಾಗಿಯೇ ಎಂಡಿಎನ್‌ಎಸ್‌ಗೆ ಮೀಸಲು. ಹೊಸದಾಗಿ ಶುರು ಮಾಡುವವರು ನಿಮ್ಮ ಸ್ವಂತ ಡೊಮೇನ್‌ನ ಸಬ್‌ಡೊಮೇನ್ ಇಡಿ. ಅದಿಲ್ಲದಿದ್ದರೆ ಡಾಟ್ ಇಂಟರ್ನಲ್ (.internal) ಇಡಿ, ಖಾಸಗಿ ಬಳಕೆಗೆ ಅಂತಲೇ 2024ರಲ್ಲಿ ಐಕ್ಯಾನ್ (ಇಂಟರ್ನೆಟ್ ಹೆಸರುಗಳನ್ನು ನೋಡಿಕೊಳ್ಳುವ ಸಂಸ್ಥೆ) ಅದನ್ನು ಮೀಸಲಿಟ್ಟಿದೆ.

ಅಂದಹಾಗೆ, ಹೊಸ ವಿಂಡೋಸ್ ಸರ್ವರ್ ಪಿಂಗ್‌ಗೆ ಉತ್ತರ ಕೊಡಲಿಲ್ಲ ಅಂದರೆ ಅದು ಸತ್ತಿದೆ ಅಂತಲ್ಲ, ಫೈರ್‌ವಾಲ್ ತಡೆಯುತ್ತಿರಬಹುದು. ಸುಮ್ನೆ ಕೇಬಲ್ ಎಳೆದು ನೋಡಬೇಡಿ, ವಿಂಡೋಸ್ ಫೈಲ್ ಶೇರಿಂಗ್‌ನ 445ನೇ ಪೋರ್ಟ್ ತೆರೆದಿದೆಯಾ ನೋಡಿ.

ಇಷ್ಟಾದ ಮೇಲೆ ಫೈಲ್ ಶೇರಿಂಗ್‌ಗೆ ಕೈ ಹಾಕಿ. ಲಿನಕ್ಸ್ ಕಡೆಯಿಂದ ಒಂದೇ ಫೋಲ್ಡರ್‌ನಲ್ಲಿ ದೊಡ್ಡಕ್ಷರದ ರಿಪೋರ್ಟ್, ಚಿಕ್ಕಕ್ಷರದ ರಿಪೋರ್ಟ್ ಎರಡೂ ಇಡಬಹುದು, ವಿಂಡೋಸ್‌ಗೆ ಅವೆರಡೂ ಒಂದೇ ಹೆಸರು. ಫೈಲ್ ಹೆಸರಿನಲ್ಲಿ ಕೋಲನ್ (:) ಕೂಡ ಬೇಡ, ವಿಂಡೋಸ್ ಅದನ್ನು ಒಪ್ಪುವುದಿಲ್ಲ. ಬ್ಯಾಕಪ್ ಸ್ಕ್ರಿಪ್ಟ್‌ಗಳು ಹೆಸರಿಗೆ ಸಮಯ ಸೇರಿಸುವಾಗ ಗಂಟೆ ನಿಮಿಷದ ನಡುವೆ ಅದನ್ನೇ ಹಾಕುತ್ತವೆ, ಅಲ್ಲಿ ಹೈಫನ್ (-) ಹಾಕುವಂತೆ ಇವತ್ತೇ ಬದಲಿಸಿಬಿಡಿ.