ಈ ಸಲದ ಗೋದಲಿಯಲ್ಲಿ ಕೊಟ್ಟಿಗೆ ಇಲ್ಲ

ಅಕ್ಟೋಬರ್ 5

ಕ್ರಿಸ್‌ಮಸ್‌ಗೆ ಮನೆಯಲ್ಲೇ ಗೋದಲಿ, ಅಂದರೆ ಯೇಸು ಹುಟ್ಟಿದ ದೃಶ್ಯದ ಗೊಂಬೆ ಮಾದರಿ, ಕಟ್ಟಲು ಶುರು ಮಾಡಿ ಹನ್ನೊಂದು ವರ್ಷ ಆಯಿತು. ಪ್ರತಿ ಸಲ ಒಂದೇ ಮಾದರಿ. ಪ್ಲೈವುಡ್ ಹಲಗೆ, ಬಿದಿರು ಕಡ್ಡಿಯ ಕೊಟ್ಟಿಗೆ, ಮೇಲೆ ಒಣಹುಲ್ಲು, ಅಂಚಿಗೆ ಹಿಮ ಅಂತ ಹತ್ತಿ. ಈ ವರ್ಷ ಸತ್ಯವೇದದ (ಬೈಬಲಿನ) ಲೂಕನ ಸುವಾರ್ತೆಯ ಎರಡನೇ ಅಧ್ಯಾಯವನ್ನು ಪಕ್ಕದಲ್ಲಿಟ್ಟುಕೊಂಡು, ಅಲ್ಲಿ ಇರುವುದನ್ನು ಮಾತ್ರ ಕಟ್ಟೋಣ ಅಂತ ಕೂತೆ. ಮೊದಲ ಸಂಜೆಯೇ ಕೆಲಸ ನಿಂತಿತು.

ಏಳನೇ ವಚನದಲ್ಲಿ ಇರುವುದು ಇಷ್ಟೇ: ಯೇಸುವಿನ ತಾಯಿ ಮರಿಯಳು ಮಗುವನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ, ಅಂದರೆ ದನಕ್ಕೆ ಮೇವು ಹಾಕುವ ಜಾಗದಲ್ಲಿ, ಮಲಗಿಸಿದಳು, ಏಕೆಂದರೆ ಛತ್ರದಲ್ಲಿ ಜಾಗ ಇರಲಿಲ್ಲ. ಕೊಟ್ಟಿಗೆಯ ಮಾತಿಲ್ಲ. ಬಾಗಿಲು ಹಾಕಿಕೊಂಡ ಛತ್ರದವನಿಲ್ಲ. ಎತ್ತೂ ಇಲ್ಲ, ಕತ್ತೆಯೂ ಇಲ್ಲ. ಬೇತ್ಲೆಹೇಮ್ ಊರು ಸೇರಿದ ರಾತ್ರಿಯೇ ಹೆರಿಗೆ ಆಯಿತು ಅಂತಲೂ ಇಲ್ಲ. ಅವರು ಅಲ್ಲಿದ್ದಾಗ ದಿನ ತುಂಬಿತು, ಅಷ್ಟೇ. ಚಿಕ್ಕವನಿದ್ದಾಗ ಕ್ರಿಸ್‌ಮಸ್ ನಾಟಕದಲ್ಲಿ ಎರಡು ವರ್ಷ ಛತ್ರದವನ ಪಾತ್ರ ಮಾಡಿದ್ದೆ. ಆ ಮನುಷ್ಯ ಸತ್ಯವೇದದಲ್ಲಿ ಇಲ್ಲವೇ ಇಲ್ಲ ಅಂತ ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು.

ಹತ್ತಿಯನ್ನು ಡಬ್ಬಿಗೆ ಹಾಕಿಟ್ಟೆ.

ಅಕ್ಟೋಬರ್ 12

ಮಗಳು ಕೇಳಿದಳು, "ಅಪ್ಪಾ, ಅವತ್ತು ಛತ್ರದಲ್ಲಿ ಮದುವೆ ಇತ್ತಾ? ಅದಕ್ಕೇ ಜಾಗ ಇರ್ಲಿಲ್ವಾ?"

ಅವಳಿಗೆ ಛತ್ರ ಅಂದರೆ ಮದುವೆ ಮಂಟಪ. ನನ್ನ ಅಜ್ಜಿಗೆ ಅದು ದಾರಿಹೋಕರು ದುಡ್ಡಿಲ್ಲದೆ ತಂಗುವ ಧರ್ಮಛತ್ರ. ಇಂಗ್ಲಿಷಿನಲ್ಲಿ ಓದುವವರ ತಲೆಯಲ್ಲಿ ಬಾಡಿಗೆ ಕೊಟ್ಟು ಉಳಿಯುವ ಲಾಡ್ಜ್. ಒಂದು ವಚನ, ಮೂರು ಕಟ್ಟಡ. ನಾನು ಯಾವುದನ್ನು ಕಟ್ಟಬೇಕು?

ವಾರವಿಡೀ ಮೂಲದ ಗ್ರೀಕ್ ಪದದ ಹಿಂದೆ ಬಿದ್ದೆ. ಅದು 'ಕಟಾಲುಮ'. ಇಳಿದುಕೊಳ್ಳುವ ಜಾಗ ಅಂತ ಅರ್ಥ. ಲೂಕ ಇದೇ ಪದವನ್ನು 22ನೇ ಅಧ್ಯಾಯದಲ್ಲಿ ಮತ್ತೆ ಬಳಸುತ್ತಾನೆ. ಯೆಹೂದ್ಯರ ಪಸ್ಕ ಹಬ್ಬದ ಊಟಕ್ಕೆ ಯೇಸು ಮನೆಯ ಯಜಮಾನನಲ್ಲಿ ಕೇಳಿಸುವ ಕೋಣೆ ಅದು. ಅಂದರೆ ಮನೆಯೊಳಗಿನ ಕೋಣೆ, ಬಂದವರಿಗೆ ಕೊಡುವ ಕೋಣೆ. ದುಡ್ಡು ಕೊಟ್ಟು ಉಳಿಯುವ ಜಾಗಕ್ಕೆ ಲೂಕನ ಹತ್ತಿರ ಬೇರೆಯೇ ಪದ ಇದೆ. ಯೇಸು ಹೇಳಿದ ಕಥೆಯಲ್ಲಿ ಒಳ್ಳೆಯ ಸಮಾರ್ಯದವನು ಗಾಯಗೊಂಡವನನ್ನು ಕರೆದೊಯ್ದು, ಅಲ್ಲಿನವನ ಕೈಗೆ ಎರಡು ನಾಣ್ಯ ಕೊಡುತ್ತಾನಲ್ಲ, ಅಲ್ಲಿ 'ಪಾಂಡೊಖೇಯೊನ್' ಅಂತ ಬರೆದಿದ್ದಾನೆ. ಎರಡು ಪದವೂ ಗೊತ್ತಿದ್ದವನು ಎರಡನೇ ಅಧ್ಯಾಯದಲ್ಲಿ ಮೊದಲನೆಯದನ್ನೇ ಆರಿಸಿಕೊಂಡಿದ್ದಾನೆ.

ಹಾಗಾದರೆ ನಾನು ಕಟ್ಟಬೇಕಾದದ್ದು ಒಂದು ಮನೆ. ಅತಿಥಿಗಳ ಕೋಣೆ ಆಗಲೇ ತುಂಬಿರುವ ಮನೆ.

ಅಕ್ಟೋಬರ್ 26

ಮನೆಯೊಳಗೆ ಗೋದಲಿ ಹೇಗೆ ಬಂತು? ಈ ಪ್ರಶ್ನೆ ಎರಡು ವಾರ ಕಾಡಿತು. ಕೆನೆತ್ ಬೈಲಿ ಅಂತ ಒಬ್ಬ ಅಮೆರಿಕನ್ ವಿದ್ವಾಂಸರು, ಮಧ್ಯಪ್ರಾಚ್ಯದಲ್ಲೇ 40 ವರ್ಷ ಇದ್ದು ಪಾಠ ಮಾಡಿದವರು. ಅಲ್ಲಿನ ಹಳ್ಳಿಮನೆಯನ್ನು ಅವರು ವಿವರಿಸುತ್ತಾರೆ. ಒಂದೇ ದೊಡ್ಡ ಕೋಣೆ. ಬಾಗಿಲ ಹತ್ತಿರದ ತಗ್ಗು ಭಾಗದಲ್ಲಿ ರಾತ್ರಿ ದನ, ಕತ್ತೆ ಕಟ್ಟುತ್ತಾರೆ. ಉಳಿದ ಎತ್ತರದ ಭಾಗದಲ್ಲಿ ಮನೆಯವರ ಊಟ, ನಿದ್ದೆ ಎಲ್ಲ. ಆ ಎತ್ತರದ ನೆಲದ ಅಂಚಿನಲ್ಲೇ ತಗ್ಗು ಮಾಡಿ ಗೋದಲಿ. ದನಗಳಿಗೆ ನಿಂತಲ್ಲೇ ಬಾಯಿ ಎಟುಕುತ್ತದೆ.

ಓದುತ್ತಾ ಓದುತ್ತಾ ಪುಸ್ತಕ ಮುಚ್ಚಿ ಸುಮ್ನೆ ಕೂತುಬಿಟ್ಟೆ. ಇದು ಗದಗ ಹತ್ತಿರದ ನಮ್ಮ ಅಜ್ಜಿ ಮನೆ ಅಲ್ವಾ!

ಮುಂಬಾಗಿಲು ದಾಟಿದ ಕೂಡಲೇ ತಗ್ಗಿನಲ್ಲಿ ಎತ್ತು, ಎಮ್ಮೆ. ಎದುರಿಗೆ ಸೊಂಟದೆತ್ತರದ ಕಟ್ಟೆ, ಅದರ ಮೇಲೆ ಪಡಸಾಲೆ. ಕಟ್ಟೆಯ ಪಕ್ಕದಲ್ಲೇ ಗೋದಲಿ, ಅಜ್ಜಿಯ ಬಾಯಲ್ಲಿ 'ಗ್ವಾದಲಿ'. ನಾವು ಮೊಮ್ಮಕ್ಕಳು ಪಡಸಾಲೆಯಲ್ಲಿ ಸಾಲಾಗಿ ಮಲಗುತ್ತಿದ್ದೆವು. ರಾತ್ರಿ ಎಚ್ಚರವಾದರೆ ಎಮ್ಮೆಯ ಉಸಿರು ಕೇಳುತ್ತಿತ್ತು. ಚಳಿಗಾಲದಲ್ಲಿ ಆ ಕಡೆಯಿಂದ ಬೆಚ್ಚನೆ ಗಾಳಿ ಬರುತ್ತಿತ್ತು. ಗೋದಲಿ ಎನ್ನುವ ಮಾತನ್ನು ನಾನು ಕಲಿತದ್ದೇ ಆ ಮನೆಯಲ್ಲಿ. ಆದರೂ ದೇವಾಲಯದಲ್ಲಿ (ಚರ್ಚಿನಲ್ಲಿ) ಆ ವಚನ ಓದಿದಾಗ ಕಣ್ಣಮುಂದೆ ಬರುತ್ತಿದ್ದದ್ದು ಗ್ರೀಟಿಂಗ್ ಕಾರ್ಡಿನ ಮರದ ಕೊಟ್ಟಿಗೆ. ಯಾರದೋ ದೇಶದ ಚಿತ್ರ ನನ್ನ ಸ್ವಂತ ನೆನಪಿನ ಮೇಲೆ ಕೂತಿತ್ತು. ಇದು ಹೊಳೆದಾಗ ನಿಜಕ್ಕೂ ಸಂಕಟ ಆಯಿತು.

ಆದರೆ ಅಜ್ಜಿ ಮನೆ ಬೇತ್ಲೆಹೇಮ್ ಅಲ್ಲ. ಹಾಗಾಗಿ ಸತ್ಯವೇದದಲ್ಲೇ ಸಾಕ್ಷಿ ಹುಡುಕಿದೆ. ರಾಜ ಸೌಲನು ಹೋದ ಏಂದೋರ್ ಊರಿನ ಹೆಂಗಸಿನ ಹತ್ತಿರ ಕೊಬ್ಬಿದ ಕರು ಇತ್ತು, ಅದೂ ಮನೆಯಲ್ಲೇ. ಲೂಕ 13ರಲ್ಲಿ ಯೇಸು ಕೇಳುತ್ತಾನೆ: ನಿಮ್ಮಲ್ಲಿ ಪ್ರತಿಯೊಬ್ಬನೂ ಸಬ್ಬತ್ ಎಂಬ ವಿಶ್ರಾಂತಿ ದಿನ ಎತ್ತನ್ನೋ ಕತ್ತೆಯನ್ನೋ ಗೋದಲಿಯಿಂದ ಬಿಚ್ಚಿ ನೀರಿಗೆ ಹೊಡೆದುಕೊಂಡು ಹೋಗುವುದಿಲ್ಲವೋ? ಎರಡನೇ ಅಧ್ಯಾಯದ ಪದವೇ ಇಲ್ಲೂ ಇದೆ. ಕೇಳುತ್ತಿದ್ದ ಯಾರಿಗೂ ಗೋದಲಿ ವಿಶೇಷ ವಸ್ತು ಆಗಿರಲಿಲ್ಲ.

ಅಳತೆ ಹಾಕಿದೆ. ಗೊಂಬೆಗಳು 6 ಇಂಚಿನವು. ಹಾಗಾಗಿ ಮನೆ 18 ಇಂಚು ಉದ್ದ, ಮನೆಯವರ ನೆಲ ತಗ್ಗಿಗಿಂತ 3 ಇಂಚು ಎತ್ತರ.

ನವೆಂಬರ್ 9

ಗೋಡೆ ಬಿರುಕು ಬಿಟ್ಟಿತು. ಮಣ್ಣಿಗೆ ಹೊಟ್ಟು ಕಡಿಮೆ ಹಾಕಿದ್ದೆ. ಕಿತ್ತು ಮತ್ತೆ ಕಲಸಿ ಮೂರು ದಿನ ಕೊಳೆಯಲು ಬಿಟ್ಟಿದ್ದೇನೆ.

ಮಾಳಿಗೆ ಮಾತ್ರ ಚೆನ್ನಾಗಿ ಬಂತು. ಕಡ್ಡಿಯ ತೊಲೆ, ಮೇಲೆ ಸಣ್ಣ ರೆಂಬೆ, ಅದರ ಮೇಲೆ ಮಣ್ಣು. ಮಾರ್ಕನ ಸುವಾರ್ತೆ 2ರಲ್ಲಿ ನಾಲ್ಕು ಜನ ಮಾಳಿಗೆ ಅಗೆದು ಪಾರ್ಶ್ವವಾಯು ರೋಗಿಯನ್ನು ಇಳಿಸುತ್ತಾರಲ್ಲ, ಅಂಥದ್ದು. ಕೈ ತಾನಾಗೇ ಒಂದು ಬೆಳಕಿಂಡಿಯನ್ನೂ ಕೊರೆದುಬಿಟ್ಟಿತ್ತು. ಅದು ನಮ್ಮೂರಿನದು. ಲೂಕನಲ್ಲೂ ಇಲ್ಲ, ಬೈಲಿಯವರಲ್ಲೂ ಓದಿಲ್ಲ. ಮುಚ್ಚಿದೆ. ಕಾರ್ಡಿನ ಕೊಟ್ಟಿಗೆ ತೆಗೆದು ಅಜ್ಜಿ ಮನೆಯನ್ನು ತಂದಿಟ್ಟರೆ ಅದೂ ಅದೇ ತಪ್ಪು.

ನವೆಂಬರ್ 16

ಅವ್ವ ಊರಿಂದ ಬಂದಿದ್ದಾರೆ. ಅರ್ಧ ಮನೆ ನೋಡಿ ಅವರು ಕೇಳಿದ ಮೊದಲ ಪ್ರಶ್ನೆ: "ಚೊಚ್ಚಲ ಬಸುರೀನ ತವರಮನಿ ಬಿಡಿಸಿ ಅಷ್ಟು ದೂರ ಯಾಕ ಕರ್ಕೊಂಡು ಹೋದ?"

ಈ ಪ್ರಶ್ನೆ ನನಗೆ ಎಂದೂ ಹುಟ್ಟಿರಲಿಲ್ಲ. ಮರಿಯಳ ಊರು ನಜರೇತ್. ಅಲ್ಲಿಂದ ಬೇತ್ಲೆಹೇಮಿಗೆ 100 ಕಿಲೋಮೀಟರಿಗೂ ಜಾಸ್ತಿ. ಖಾನೇಷುಮಾರಿ (ಜನಗಣತಿ) ಬರೆಸಲು ಹೋದರು ಅಂತ ಲೂಕ ಹೇಳುತ್ತಾನೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎನ್ನುವುದು ನಮ್ಮ ಪದ್ಧತಿ. ಅದನ್ನು ಆ ಊರಿನವರ ಮೇಲೆ ಹೊರಿಸುವಂತಿಲ್ಲ. ಆದರೆ ಅವ್ವನ ಎರಡನೇ ಮಾತನ್ನು ಅಷ್ಟು ಸುಲಭವಾಗಿ ಬದಿಗಿಡಲು ಆಗಲಿಲ್ಲ. "ಸುತ್ತ ಹೆಣ್ಮಕ್ಕಳು ಇರಲಾರದ ಹೆರಿಗಿ ಆಗ್ತದೇನು?"

ಮರಿಯಳ ಗಂಡ ಯೋಸೇಫ ರಾಜ ದಾವೀದನ ವಂಶದವನು. ಬಂದದ್ದು ದಾವೀದನ ಊರಿಗೆ. ಜೊತೆಗೆ ತುಂಬು ಬಸುರಿ. ಮನೆತನದ ಹೆಸರು ಹೇಳಿದರೆ ಸಾಕು, ಬಾಗಿಲು ತೆಗೆಯುವ ಊರು ಅದು. ದೇವದೂತನ ಮಾತು ಕೇಳಿ ಬಂದ ಕುರುಬರ ವಿಷಯವನ್ನೂ ನೋಡಿ. ಅವರು ಬಂದು, ಮಗುವನ್ನು ನೋಡಿ, ದೇವರನ್ನು ಕೊಂಡಾಡುತ್ತಾ ಹಿಂದಿರುಗಿದರು. ಬಾಣಂತಿಯೊಬ್ಬಳು ದಿಕ್ಕಿಲ್ಲದೆ ಬಿದ್ದಿದ್ದರೆ, ತಮ್ಮ ಮನೆಗೆ ಕರೆದುಕೊಂಡು ಹೋಗದೆ ಹಾಗೆ ಹೋಗುತ್ತಿದ್ದರೇ? ಬೈಲಿಯವರೂ ಇದನ್ನೇ ಕೇಳುತ್ತಾರೆ. ಬೇತ್ಲೆಹೇಮಿನವರ ಕಲ್ಲೆದೆಯ ಬಗ್ಗೆ ಪ್ರತಿ ಡಿಸೆಂಬರಿನಲ್ಲಿ ಬೋಧನೆ ಕೇಳುತ್ತಾ ಬೆಳೆದವನು ನಾನು. ಕಥೆಯಲ್ಲಿ ಇಲ್ಲದ ಒಬ್ಬ ಛತ್ರದವನಿಂದಾಗಿ ಒಂದಿಡೀ ಊರಿಗೆ ಕೆಟ್ಟ ಹೆಸರು ಬಂದಿದೆ. ಇದು ಅನ್ಯಾಯ.

ಹೆಂಗಸರ ಗೊಂಬೆ ಇಡಬೇಕೇ ಬೇಡವೇ? ಲೂಕ ಅವರ ಹೆಸರು ಎತ್ತಿಲ್ಲ. ಕೊನೆಗೆ ಎರಡು ಗೊಂಬೆ ತಂದೆ. ಆದರೆ ಗೋದಲಿಯ ಪಕ್ಕದಲ್ಲಿ ಇಡುವುದಿಲ್ಲ. ಒಲೆಯ ಹತ್ತಿರ ಬೆನ್ನು ತಿರುಗಿಸಿ ಕೂರಿಸುತ್ತೇನೆ.

ನವೆಂಬರ್ 30

ಗೆಳೆಯನೊಬ್ಬ ನೋಡಿ, "ಗವಿ ಎಲ್ಲಿ?" ಅಂದ. ಸರಿಯಾದ ಪ್ರಶ್ನೆ. ಎರಡನೇ ಶತಮಾನದ ನಡುವಿನಲ್ಲೇ ಹುತಾತ್ಮ ಜಸ್ಟಿನ್ ಎಂಬ ಕ್ರೈಸ್ತ ಬರಹಗಾರ, ಅವನೂ ಪ್ಯಾಲೆಸ್ತೀನಿನವನೇ, ಯೇಸು ಹುಟ್ಟಿದ್ದು ಊರ ಹತ್ತಿರದ ಗವಿಯಲ್ಲಿ ಅಂತ ಬರೆದಿದ್ದಾನೆ. ಬೇತ್ಲೆಹೇಮಿನ ಜನನದ ದೇವಾಲಯ ನಿಂತಿರುವುದೂ ಗವಿಯ ಮೇಲೆ. ಆ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಗವಿಯ ಮುಂದೆಯೇ ಮನೆ ಕಟ್ಟಿಕೊಳ್ಳುವ ರೂಢಿ ಇತ್ತು. ಹಾಗಾಗಿ ಹಿಂದಿನ ಗೋಡೆ ಒಡೆದು, ಅಲ್ಲಿ ಬಂಡೆಯಂತೆ ಮಣ್ಣು ಮೆತ್ತಿದೆ. ತಗ್ಗು ಭಾಗದ ಅರ್ಧ ಈಗ ಗವಿಯೊಳಗೆ ಹೋಗಿದೆ.

ಎತ್ತು, ಕತ್ತೆಯನ್ನು ಉಳಿಸಿಕೊಂಡೆ. ಎತ್ತಿಗೆ ತನ್ನ ಯಜಮಾನ ಗೊತ್ತು, ಕತ್ತೆಗೆ ಒಡೆಯನ ಗೋದಲಿ ಗೊತ್ತು ಎನ್ನುವ ಪ್ರವಾದಿ ಯೆಶಾಯನ ಮಾತಿನಿಂದ ಅವು ಚಿತ್ರಗಳಿಗೆ ಬಂದವು. 1223ರಲ್ಲಿ ಇಟಲಿಯ ಗ್ರೆಚ್ಚೊ ಊರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ನಿಜವಾದ ಹುಲ್ಲು, ಎತ್ತು, ಕತ್ತೆ ತರಿಸಿ ಗೋದಲಿ ಮಾಡಿಸಿದ. ತನ್ನ ಜನರ ಕಣ್ಣಿಗೆ ಕಾಣಲಿ ಅಂತ. ಆ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನನ್ನ ಮನೆಯಲ್ಲಂತೂ ಅವಕ್ಕೆ ಕಟ್ಟುವ ಜಾಗವೇ ಇದೆ.

ಡಿಸೆಂಬರ್ 14

ಮಗುವಿಗೆ ಕಾಣಿಕೆ ತರುವ ಮೂವರು ರಾಜರನ್ನು ಈ ಸಲ ಡಬ್ಬಿಯಿಂದ ತೆಗೆಯಲಿಲ್ಲ. ಅವರು ಲೂಕನ ಕಥೆಯಲ್ಲಿ ಬರುವುದಿಲ್ಲ. ಮತ್ತಾಯನ ಸುವಾರ್ತೆಯಲ್ಲಿ ಬರುವವರು ರಾಜರಲ್ಲ, ನಮ್ಮ ಹಳೆಯ ಸತ್ಯವೇದ ಅವರನ್ನು 'ಜೋಯಿಸರು' ಅನ್ನುತ್ತದೆ. ಮೂವರು ಅಂತಲೂ ಎಲ್ಲೂ ಇಲ್ಲ, ಕಾಣಿಕೆ ಮಾತ್ರ ಮೂರು. ಮತ್ತಾಯ ಅವರನ್ನು ಒಳಗೆ ಕರೆಯುವಾಗ ಹೇಳುವ ಪದ 'ಮನೆ'. ಮಗಳಿಗೆ ಒಂಟೆ ಬೇಕಂತೆ. ಅವರು ಬಂದದ್ದನ್ನು ನೆನೆಯುವ ಹಬ್ಬ ಜನವರಿ 6ಕ್ಕೆ, ಆಗ ಇಡೋಣ ಅಂದಿದ್ದೇನೆ.

ಡಿಸೆಂಬರ್ 21

ಮುಗಿಯಿತು, ಬಹುಪಾಲು.

ಅತಿಥಿ ಕೋಣೆಯನ್ನು ಮಾಳಿಗೆಯ ಮೇಲೆ ಕಟ್ಟಿದ್ದೇನೆ, ಶೂನೇಮ್ ಊರಿನ ಹೆಂಗಸು ಪ್ರವಾದಿ ಎಲೀಷನಿಗೆ ಮಾಡಿಸಿಕೊಟ್ಟಂತೆ. ಒಳಗೆ ಜನ ಇದ್ದಾರೆ ಅಂತ ತೋರಿಸುವುದು ಹೇಗೆ ಅಂತ ವಾರದಿಂದ ಯೋಚಿಸುತ್ತಿದ್ದೆ. ಮಗಳು ಜೇಡಿಮಣ್ಣಿನಲ್ಲಿ ಒಂಬತ್ತು ಜೊತೆ ಪುಟ್ಟ ಚಪ್ಪಲಿ ಮಾಡಿ ಬಾಗಿಲ ಹೊರಗೆ ಸಾಲಾಗಿ ಇಟ್ಟಳು. ಚಪ್ಪಲಿ ಹೊರಗೆ ಬಿಡುವುದು ನಮ್ಮ ರೂಢಿ ಅಂತ ನನಗೆ ಗೊತ್ತು. ತೆಗೆಯಲು ಮನಸ್ಸು ಬರಲಿಲ್ಲ. ಇರಲಿ.

ದೀಪಸ್ತಂಭದ ಮೇಲಿಟ್ಟ ದೀಪ ಮನೆಯಲ್ಲಿರುವ ಎಲ್ಲರಿಗೂ ಬೆಳಕು ಕೊಡುತ್ತದೆ ಅಂತ ಮತ್ತಾಯ 5ರಲ್ಲಿದೆ. ಅದು ಒಂದೇ ಕೋಣೆಯ ಮನೆಯವರು ಆಡುವ ಮಾತು. ಸರದ ಲೈಟೆಲ್ಲ ತೆಗೆದು ಒಂದೇ ಒಂದು ಸಣ್ಣ ಬಲ್ಬು ಸಿಕ್ಕಿಸಿದೆ. ಹೊತ್ತಿಸಿದಾಗ ಒಲೆಯ ಹತ್ತಿರದ ಹೆಂಗಸರ ಬೆನ್ನು, ಎತ್ತಿನ ಕೊಂಬು, ಗೋದಲಿಯ ಹುಲ್ಲು, ಎಲ್ಲವೂ ಒಟ್ಟಿಗೆ ಕಂಡವು. ಅವ್ವ ತುಂಬಾ ಹೊತ್ತು ನೋಡುತ್ತಾ ನಿಂತಿದ್ದರು. ಆಮೇಲೆ, "ನಮ್ಮ ಪಡಸಾಲಿ ಆಗೇತಿ" ಅಂದರು.

ನಾಳೆ ದೇವಾಲಯಕ್ಕೆ ಒಯ್ಯಬೇಕು. ಮಣ್ಣಿನ ತೂಕ ಜಾಸ್ತಿ, ಎತ್ತಲು ನಾಲ್ಕು ಜನ ಬೇಕು. ಮಾಳಿಗೆಯ ಎಡ ಮೂಲೆ ಇನ್ನೂ ಹಸಿ ಇದೆ. ರಾತ್ರಿಯೆಲ್ಲ ಫ್ಯಾನ್ ಹಾಕಿ ಬಿಟ್ಟಿದ್ದೇನೆ.