ಬ್ರೇಕ್ ಪೆಡಲ್ ಮೆತ್ತಗಾಗಿದೆಯಾ? ಏರ್ ತೆಗೆಯೋದು ಮನೆಯಲ್ಲೇ ಆಗುವ ಕೆಲಸ

ಬ್ರೇಕ್ ಒಂದೇ ದಿನಕ್ಕೆ ಕೆಡೋದು ಅಪರೂಪ. ಪೆಡಲ್ ದಿನಾ ಒಂಚೂರು ಕೆಳಗೆ ಹೋಗುತ್ತಾ ಬರುತ್ತದೆ, ಕಾಲು ಅದಕ್ಕೆ ಒಗ್ಗಿಹೋಗುತ್ತದೆ, ಗಾಡಿ ಹೇಗೂ ನಿಲ್ಲುತ್ತಿದೆಯಲ್ಲ ಅಂತ ಯಾರೂ ತಲೆ ಕೆಡಿಸಿಕೊಳ್ಳೋದಿಲ್ಲ. ತೀರ್ಥಹಳ್ಳಿಯ ಮನೆಯಲ್ಲಿ ತಂಗಿ ಓಡಿಸುವ ಹಳೇ ಕಾರಿನಲ್ಲಿ ಆಗಿದ್ದೂ ಇದೇ. ನಾನು ಊರಿಗೆ ಹೋದಾಗ ಪೇಟೆಗೆ ಅಂತ ತೆಗೆದೆ, ಮೊದಲ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಮುಕ್ಕಾಲು ಪಾಲು ಕೆಳಗೆ ಹೋಯಿತು, ಅದೂ ಕಾಲಿಗೆ ಗಟ್ಟಿ ಅನ್ನಿಸಲೇ ಇಲ್ಲ. ಬಂದು ಕೇಳಿದರೆ ತಂಗಿ, "ಅದು ಮೊದಲಿಂದಾನೂ ಹಾಗೇ ಇದೆಯಲ್ಲ ಅಣ್ಣಾ" ಅಂದಳು. ಹಾಗೇ ಇರಲಿಲ್ಲ. ಆ ವಾರವೇ ಅಮ್ಮನನ್ನು ಕೂರಿಸಿಕೊಂಡು ಆಗುಂಬೆ ಇಳಿದು ಉಡುಪಿಗೆ ಹೋಗುವವಳಿದ್ದಳು. ಹದಿನಾಲ್ಕು ಹೇರ್‌ಪಿನ್ ತಿರುವು. ಸರಿ ಮಾಡದೆ ಗಾಡಿ ಹೊರಗೆ ತೆಗೆಯೋದು ಬೇಡ ಅಂದೆ.

ಇದನ್ನು ಬರೆಯುತ್ತಿರೋದು ಯಾಕೆ ಅಂದರೆ, ಪೆಡಲ್ ಮೆತ್ತಗಾದಾಗ ಬಹಳ ಜನ ಮಾಡುವುದು ಒಂದೇ ಕೆಲಸ, ಡಬ್ಬಿಗೆ ಬ್ರೇಕ್ ಆಯಿಲ್ ಸುರಿದು ಬಾನೆಟ್ ಮುಚ್ಚೋದು. ಅಲ್ಲಿಗೆ ಏನೂ ಸರಿಯಾಗೋದಿಲ್ಲ. ಬ್ರೇಕ್ ಸಿಸ್ಟಮ್ ಮುಚ್ಚಿದ ವ್ಯವಸ್ಥೆ, ಆಯಿಲ್ ಖರ್ಚಾಗುವ ವಸ್ತುವಲ್ಲ. ಪ್ಯಾಡ್ ಸವೆದಷ್ಟೂ ಡಬ್ಬಿಯಲ್ಲಿ ಮಟ್ಟ ನಿಧಾನವಾಗಿ ಇಳಿಯುತ್ತದೆ, ಅದು ಸಹಜ. ಅದಕ್ಕಿಂತ ಜಾಸ್ತಿ ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಒಳಗೆ ಗಾಳಿ ಸೇರಿದ್ದರೆ ಅದು ಬರಲು ಒಂದು ದಾರಿ ಇದ್ದೇ ಇರುತ್ತದೆ. ಆ ದಾರಿ ಹುಡುಕದೆ ಏರ್ ತೆಗೆದರೆ ತಿಂಗಳೊಳಗೆ ಮತ್ತೆ ಅದೇ ಕಥೆ.

ಸ್ಪ್ಯಾನರ್ ಹಿಡಿಯುವ ಮೊದಲು ಪೆಡಲ್ ಒತ್ತಿ ನೋಡಬೇಕು, ಅದೇ ಅರ್ಧ ವಿಷಯ ಹೇಳುತ್ತದೆ. ಇಂಜಿನ್ ಆಫ್ ಮಾಡಿ ನಾಲ್ಕೈದು ಸಲ ಒತ್ತಿದರೆ ಬೂಸ್ಟರ್‌ನ (ಕಾಲಿನ ಒತ್ತಿಗೆ ಬಲ ಕೂಡಿಸುವ ಭಾಗ) ವ್ಯಾಕ್ಯೂಮ್ ಖಾಲಿಯಾಗಿ ಪೆಡಲ್ ಗಟ್ಟಿಯಾಗಬೇಕು. ಒತ್ತಿಕೊಂಡೇ ಇಂಜಿನ್ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಕೆಳಗೆ ಇಳಿಯುತ್ತದೆ, ಅದಕ್ಕೆ ಹೆದರಬೇಡಿ, ಬೂಸ್ಟರ್ ಕೆಲಸ ಮಾಡುತ್ತಿದೆ ಅಂತ. ಎಷ್ಟು ಸಲ ಒತ್ತಿದರೂ ಕಾಲಿಗೆ ಸ್ಪ್ರಿಂಗ್ ಥರ ಸಿಕ್ಕಿದರೆ ಒಳಗೆ ಗಾಳಿ ಇದೆ. ಮೊದಲ ಒತ್ತಿಗೆ ತುಂಬಾ ಕೆಳಗೆ ಹೋಗಿ, ಎರಡನೇ ಮೂರನೇ ಒತ್ತಿಗೆ ಮೇಲೆ ಬಂದು ಗಟ್ಟಿಯಾಗಿ ನಿಂತರೆ ಹಿಂದಿನ ಚಕ್ರದ ಡ್ರಮ್ ಬ್ರೇಕಿನ ಲೈನರ್ (ಡ್ರಮ್‌ಗೆ ಉಜ್ಜಿ ಹಿಡಿಯುವ ಪಟ್ಟಿ) ಸವೆದು ಅಡ್ಜಸ್ಟ್‌ಮೆಂಟ್ ಹೋಗಿರುವ ಸಾಧ್ಯತೆಯೂ ಇದೆ. ಅದನ್ನು ಅಡ್ಜಸ್ಟ್ ಮಾಡದೆ ಎಷ್ಟು ಏರ್ ತೆಗೆದರೂ ಪ್ರಯೋಜನ ಇಲ್ಲ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ಒಂದೇ ಸಮ ಒತ್ತಿ ಹಿಡಿದಿದ್ದಾಗ ಪೆಡಲ್ ಮೆಲ್ಲಗೆ ನೆಲದ ಕಡೆ ಇಳಿಯುತ್ತಾ ಹೋಗೋದು. ಹೊರಗೆ ಎಲ್ಲೋ ಸೋರುತ್ತಿರಬೇಕು, ಇಲ್ಲದಿದ್ದರೆ ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್‌ನ ಒಳಗಿನ ವಾಷರ್ ಸವೆದು ಆಯಿಲ್ ವಾಪಸ್ ಹೋಗುತ್ತಿರಬೇಕು. ಆ ಗಾಡಿಯನ್ನು ಗ್ಯಾರೇಜಿನವರೆಗೂ ಓಡಿಸಬೇಡಿ, ಎಳೆಸಿಕೊಂಡು ಹೋಗಿ.

ನಮ್ಮದರಲ್ಲಿ ಗಾಳಿ ಇತ್ತು. ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ ಎಡಗಡೆ ಹಿಂದಿನ ಚಕ್ರದ ಒಳಮೈ ಒದ್ದೆ. ಮಳೆ ನೀರಿನ ಒದ್ದೆ ಅಲ್ಲ, ಬೆರಳಿಗೆ ಜಾರುವ ಜಿಡ್ಡು, ಧೂಳು ಕೂತು ಕಪ್ಪಗೆ ಮೆತ್ತಿಕೊಂಡಿತ್ತು. ಡ್ರಮ್ ಬಿಚ್ಚಿ ವೀಲ್ ಸಿಲಿಂಡರ್‌ನ (ಆಯಿಲ್ ಒತ್ತಡದಿಂದ ಲೈನರನ್ನು ತಳ್ಳುವ ಭಾಗ) ರಬ್ಬರ್ ಬೂಟನ್ನು ಉಗುರಿನಿಂದ ಸ್ವಲ್ಪ ಎತ್ತಿದೆ, ಒಳಗಿಂದ ಆಯಿಲ್ ಸುರಿಯಿತು. ಅಷ್ಟು ಸಾಕು, ಸಿಲಿಂಡರ್ ಹೋಗಿದೆ. ಹೊಸ ವೀಲ್ ಸಿಲಿಂಡರ್ ಹಾಕಿದೆವು. ಆಯಿಲ್ ಕುಡಿದ ಲೈನರ್ ಮತ್ತೆ ಹಿಡಿಯೋದಿಲ್ಲ, ಎಷ್ಟು ತೊಳೆದರೂ ಅಷ್ಟೇ, ಅದಕ್ಕೆ ಎರಡೂ ಹಿಂದಿನ ಚಕ್ರಕ್ಕೆ ಹೊಸ ಸೆಟ್ ಹಾಕಿದೆವು. ಒಂದೇ ಕಡೆ ಹೊಸದು ಹಾಕಿದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ.

ಗಾಳಿ ಯಾಕೆ ಇಷ್ಟು ತೊಂದರೆ? ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಒತ್ತಿ ನೋಡಿ, ಹಿಡಿ ಅರ್ಧದವರೆಗೂ ಒಳಗೆ ಹೋಗುತ್ತದೆ, ಗಾಳಿ ಕುಗ್ಗುತ್ತದೆ. ಆಯಿಲ್ ಹಾಗೆ ಕುಗ್ಗೋದಿಲ್ಲ, ಕಾಲಿನ ಒತ್ತಡವನ್ನು ಹಾಗೇ ನಾಲ್ಕೂ ಚಕ್ರಕ್ಕೆ ಮುಟ್ಟಿಸುತ್ತದೆ. ನಡುವೆ ಒಂದಿಷ್ಟು ಗಾಳಿ ಇದ್ದರೆ ನಮ್ಮ ಒತ್ತು ಅದನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ.

ಇನ್ನು ಘಟ್ಟದ ಕಡೆಯವರು ತಿಳಿದಿರಲೇಬೇಕಾದ ವಿಷಯ. ಬ್ರೇಕ್ ಆಯಿಲ್ ನೀರು ಹೀರುತ್ತದೆ. ಡಬ್ಬಿಯ ಮುಚ್ಚಳದಿಂದ, ರಬ್ಬರ್ ಹೋಸ್‌ಗಳಿಂದ ತೇವ ಮೆಲ್ಲಗೆ ಒಳಗೆ ಸೇರುತ್ತಲೇ ಇರುತ್ತದೆ, ಗಾಡಿ ಶೆಡ್‌ನಲ್ಲಿ ನಿಂತಿದ್ದರೂ. ಮಲೆನಾಡಿನ ಮಳೆಗಾಲ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಡಾಟ್ ಅನ್ನೋದು ಬ್ರೇಕ್ ಆಯಿಲ್‌ನ ದರ್ಜೆ. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಹೊಸದಿದ್ದಾಗ 230, ನೀರು ಸೇರಿದ ಮೇಲೆ 155. ಘಾಟಿಯಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಡಿಸ್ಕ್ ಕಾಯ್ದು, ಆ ಬಿಸಿ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಒಳಗಿನ ಆಯಿಲ್‌ಗೂ ಹೋಗುತ್ತದೆ. ಅದು ಕುದಿಯಿತು ಅಂದರೆ ಹಬೆ, ಹಬೆ ಅಂದರೆ ಮತ್ತೆ ಗಾಳಿಯದ್ದೇ ತೊಂದರೆ. ಪೆಡಲ್ ನೆಲಕ್ಕೆ ಹೋಗಿಬಿಡುತ್ತದೆ. ಭಯ ಹುಟ್ಟಿಸುವ ಮಾತು ಏನೆಂದರೆ, ಗಾಡಿ ಹೇಗೋ ನಿಂತು ಅರ್ಧ ಗಂಟೆ ಆರಿದ ಮೇಲೆ ಹಬೆ ಮತ್ತೆ ಆಯಿಲ್‌ನಲ್ಲಿ ಸೇರಿ ಪೆಡಲ್ ಸರಿಯಾಗುತ್ತದೆ. ಮೆಕ್ಯಾನಿಕ್ ನೋಡಿದರೆ ಏನೂ ತಪ್ಪು ಕಾಣೋದಿಲ್ಲ, "ಸರಿ ಇದೆಯಲ್ಲ ಸಾರ್" ಅಂತ ಕಳಿಸುತ್ತಾರೆ. ಅದಕ್ಕೇ ಬ್ರೇಕ್ ಆಯಿಲನ್ನು ಕಿಲೋಮೀಟರ್ ಲೆಕ್ಕದಲ್ಲಿ ಮಾತ್ರ ನೋಡಬಾರದು. ಗಾಡಿ ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಮತ್ತೆ ಹಳೇ ಡ್ರೈವರುಗಳು ಹೇಳುವ ಮಾತು ಇವತ್ತಿಗೂ ಸರಿ: ಘಾಟಿ ಹತ್ತುವ ಗೇರಲ್ಲೇ ಇಳೀಬೇಕು.

ಈಗ ಕೆಲಸಕ್ಕೆ ಬರೋಣ. ಬೇಕಾದದ್ದು ಕಡಿಮೆ. ಸೀಲ್ ಒಡೆಯದ ಬ್ರೇಕ್ ಆಯಿಲ್, ನಿಪ್ಪಲ್‌ಗೆ (ಚಕ್ರದ ಬ್ರೇಕಿನಿಂದ ಗಾಳಿ, ಆಯಿಲ್ ಹೊರಬಿಡುವ ಸಣ್ಣ ಸ್ಕ್ರೂ) ಸರಿಯಾಗಿ ಕೂರುವ ರಿಂಗ್ ಸ್ಪ್ಯಾನರ್, ನಿಪ್ಪಲ್ ಮೇಲೆ ಬಿಗಿಯಾಗಿ ಕೂರುವ ಪಾರದರ್ಶಕ ಪೈಪ್, ಒಂದು ಬಾಟಲಿ, ಜೊತೆಗೆ ಪೆಡಲ್ ಒತ್ತೋಕೆ ಒಬ್ಬರು. ಯಾವ ಆಯಿಲ್ ಅನ್ನೋದು ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಡಾಟ್ 3 ಮತ್ತು ಡಾಟ್ 4 ಎರಡೂ ಒಂದೇ ಜಾತಿಯವು. ಡಾಟ್ 5 ಮಾತ್ರ ಸಿಲಿಕೋನ್, ಇವುಗಳ ಜೊತೆ ಸೇರಿಸಲೇಬಾರದು. ಇಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ಒಂದು ಹನಿಯೂ ಬೀಳಬಾರದು, ರಬ್ಬರ್ ಸೀಲುಗಳು ಉಬ್ಬಿ ಇಡೀ ಸಿಸ್ಟಮ್ ಬದಲಿಸುವ ಹಾಗಾಗುತ್ತದೆ. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ, ಅದಕ್ಕೆ ಪಕ್ಕದಲ್ಲೇ ಒಂದು ಬಕೆಟ್ ನೀರಿಟ್ಟುಕೊಳ್ಳಿ, ಚೆಲ್ಲಿದ ಕೂಡಲೇ ತೊಳೆದುಬಿಡಿ.

ನಿಪ್ಪಲ್ ಬಿಚ್ಚೋದೇ ದೊಡ್ಡ ಕೆಲಸ. ನಮ್ಮ ಕಡೆ ತುಕ್ಕು ಹಿಡಿಯದ ನಿಪ್ಪಲ್ ಇಲ್ಲ. ಹಿಂದಿನ ದಿನ ಸಂಜೆಯೇ ವೈರ್ ಬ್ರಷ್‌ನಲ್ಲಿ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಟ್ಟಿದ್ದೆ. ಓಪನ್ ಸ್ಪ್ಯಾನರ್ ಹಾಕಿದರೆ ಮೂಲೆಗಳು ಸವೆದು ಗುಂಡಗಾಗುತ್ತವೆ. ಬರದಿದ್ದರೆ ಜೋರು ಮಾಡಬೇಡಿ, ಒಂಚೂರು ಬಿಗಿ ಮಾಡಿ ಮತ್ತೆ ಸಡಿಲಿಸಿ, ಹಿಂದೆ ಮುಂದೆ ಆಡಿಸುತ್ತಾ ಹೋದರೆ ಬರುತ್ತದೆ. ಮುರಿಯಿತು ಅಂದರೆ ಆ ಸಿಲಿಂಡರನ್ನೇ ಬದಲಿಸಬೇಕಾಗಬಹುದು. ಇನ್ನೊಂದು, ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಕೈ ತಲೆ ಹಾಕಲೇಬೇಡಿ. ಸ್ಟ್ಯಾಂಡ್ ಕೊಡಿ, ನೆಲದ ಮೇಲಿರುವ ಚಕ್ರಗಳಿಗೆ ಕಲ್ಲು ಕೊಡಿ.

ಯಾವ ಚಕ್ರದಿಂದ ಶುರು ಮಾಡೋದು? ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರ್‌ನಿಂದ ದೂರ ಇರುವುದರಿಂದ. ನಮ್ಮಲ್ಲಿ ಸ್ಟೀರಿಂಗ್ ಬಲಗಡೆ, ಹಾಗಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಕೆಲವು ಗಾಡಿಗೆ ಕ್ರಮ ಬೇರೆ ಇರುತ್ತದೆ, ಮ್ಯಾನ್ಯುಯಲ್ ಏನು ಹೇಳುತ್ತದೋ ಅದೇ ಕೊನೆ ಮಾತು. ಮೊದಲು ಡಬ್ಬಿಯಲ್ಲಿನ ಹಳೇ ಆಯಿಲನ್ನು ಸಿರಿಂಜ್‌ನಿಂದ ಎಳೆದು ಹೊಸದು ತುಂಬಿಕೊಂಡರೆ ಕೊಳೆಯೆಲ್ಲ ಪೈಪಿನಲ್ಲಿ ಇಳಿಯೋದು ತಪ್ಪುತ್ತದೆ.

ಪೈಪಿನ ಒಂದು ತುದಿ ನಿಪ್ಪಲ್‌ಗೆ, ಇನ್ನೊಂದು ತುದಿ ಬಾಟಲಿಯಲ್ಲಿ ಸ್ವಲ್ಪ ಆಯಿಲ್ ಹಾಕಿ ಅದರೊಳಗೆ ಮುಳುಗಿರಬೇಕು. ತಂಗಿ ಸೀಟಿನಲ್ಲಿ, ನಾನು ಚಕ್ರದ ಹತ್ತಿರ. ಅವಳು ನಿಧಾನವಾಗಿ ಮೂರ್ನಾಲ್ಕು ಸಲ ಒತ್ತಿ, ಒತ್ತಿದ ಹಾಗೇ ಹಿಡಿದು "ಹಿಡ್ಕೊಂಡಿದೀನಿ" ಅನ್ನುತ್ತಾಳೆ. ನಾನು ನಿಪ್ಪಲ್ ಕಾಲು ಸುತ್ತು ಬಿಚ್ಚುತ್ತೇನೆ. ಪೆಡಲ್ ಇಳಿಯುತ್ತದೆ, "ಕೆಳಗೆ ಹೋಯ್ತು ಅಣ್ಣಾ" ಅನ್ನುತ್ತಾಳೆ, ನಾನು ಬಿಗಿ ಮಾಡಿ "ಈಗ ಬಿಡು" ಅಂದ ಮೇಲೆ ಮಾತ್ರ ಅವಳ ಕಾಲು ಮೇಲೆ ಬರುತ್ತದೆ. ಇಡೀ ಕೆಲಸ ಈ ಒಂದು ಕ್ರಮದ ಮೇಲೆ ನಿಂತಿದೆ. ನಿಪ್ಪಲ್ ತೆರೆದಿರುವಾಗ ಕಾಲು ತೆಗೆದರೆ ತೆಗೆದ ಗಾಳಿ ಮತ್ತೆ ಒಳಗೆ ಬರುವ ಅಪಾಯ ಇದೆ. ಅದಕ್ಕೆ ಮಾತು ಗಟ್ಟಿಯಾಗಿ ಆಡಬೇಕು, ಪ್ರತಿ ಸಲವೂ ಆಡಬೇಕು, ಅಭ್ಯಾಸ ಆಯಿತು ಅಂತ ಸುಮ್ನೆ ಇರಬಾರದು. ಬೇಗ ಬೇಗ ಒತ್ತಬೇಡಿ, ಗಾಳಿ ಒಡೆದು ಸಣ್ಣ ಗುಳ್ಳೆಗಳಾದರೆ ಹೊರಗೆ ಬರೋದು ನಿಧಾನ.

ಹಳೇ ಗಾಡಿಗೆ ಒಂದು ಕಿವಿಮಾತು. ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ, ನೆಲದವರೆಗೂ ಹೋಗದ ಹಾಗೆ. ದಿನನಿತ್ಯ ಮಾಸ್ಟರ್ ಸಿಲಿಂಡರ್‌ನ ಪಿಸ್ಟನ್ ಅಷ್ಟು ಆಳಕ್ಕೆ ಹೋಗೋದಿಲ್ಲ, ಆ ಭಾಗದಲ್ಲಿ ತುಕ್ಕು, ಕೊಳೆ ಕೂತಿರುತ್ತದೆ. ರಬ್ಬರ್ ಸೀಲ್ ಅಲ್ಲಿ ಉಜ್ಜಿದರೆ ಹರಿಯುತ್ತದೆ, ಏರ್ ತೆಗೆಯಲು ಹೋಗಿ ಮಾಸ್ಟರ್ ಸಿಲಿಂಡರ್ ಹೋಯಿತು ಅನ್ನೋದು ಹೀಗೇ.

ಪೈಪಿನಲ್ಲಿ ಬರೋದನ್ನು ನೋಡೋದು ನನಗೆ ಈ ಕೆಲಸದಲ್ಲಿ ಬಹಳ ಇಷ್ಟದ ಭಾಗ. ಹಿಂದಿನ ಎಡ ಚಕ್ರದಲ್ಲಿ ಮೊದಲು ಬಂದದ್ದು ಕಪ್ಪು ಕಾಫಿ ಬಣ್ಣದ ಆಯಿಲ್, ಅದರಲ್ಲಿ ಕಣ್ಣಿಗೆ ಕಾಣುವ ಕಪ್ಪು ಚೂರುಗಳು. ಆಮೇಲೆ ಬೆರಳುದ್ದದ ಖಾಲಿ ಜಾಗ, ಬರೀ ಗಾಳಿ. ಅದರ ಹಿಂದೆ ಸಾಲಾಗಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು. ಒಂದೆರಡು ಪೈಪಿನ ಗೋಡೆಗೆ ಅಂಟಿಕೊಂಡು ಮುಂದೆ ಹೋಗಲಿಲ್ಲ, ಉಗುರಿನಿಂದ ತಟ್ಟಿದ ಮೇಲೆ ಹೊರಟವು. ಕೊನೆಗೆ ಹೊಸ ಆಯಿಲ್‌ನ ತಿಳಿ ಹಳದಿ, ಗುಳ್ಳೆ ಇಲ್ಲ. ಅದಾದ ಮೇಲೂ ಎರಡು ಮೂರು ಸಲ ತೆಗೆದೇ ಇನ್ನೊಂದು ಚಕ್ರಕ್ಕೆ ಹೋದೆವು. ಮುಂದಿನ ಕ್ಯಾಲಿಪರ್‌ಗಳನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ಬಡಿಯಿರಿ, ಒಳಗೆ ಅಂಟಿದ ಗುಳ್ಳೆ ಬಿಡುತ್ತವೆ. ಇಷ್ಟರ ನಡುವೆ ಡಬ್ಬಿಯ ಮೇಲೆ ಕಣ್ಣಿರಲಿ. ಮಿನಿಮಮ್ ಗೆರೆಗಿಂತ ಕೆಳಗೆ ಹೋಗಿ ಮಾಸ್ಟರ್ ಸಿಲಿಂಡರ್ ಗಾಳಿ ಎಳೆದುಕೊಂಡರೆ ಮತ್ತೆ ಮೊದಲಿಂದ ಶುರು.

2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಮಾರುವ ಹೊಸ ಕಾರುಗಳಿಗೆಲ್ಲ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ) ಕಡ್ಡಾಯ. ಅಂಥ ಗಾಡಿಯಲ್ಲೂ ಆಯಿಲ್ ಬದಲಿಸಲು ಸಾಮಾನ್ಯವಾಗಿ ಇದೇ ವಿಧಾನ ಸಾಕು. ಆದರೆ ಡಬ್ಬಿ ಪೂರ್ತಿ ಖಾಲಿಯಾಗಿ ಗಾಳಿ ಎಬಿಎಸ್ ಯೂನಿಟ್ ಒಳಗೆ ಹೋಗಿದ್ದರೆ, ಸ್ಕ್ಯಾನರ್ ಹಾಕಿ ಅದರ ಪಂಪ್ ಓಡಿಸಿಯೇ ತೆಗೆಯಬೇಕಾಗುತ್ತದೆ. ಅದು ಮನೆಯಲ್ಲಿ ಆಗುವ ಕೆಲಸ ಅಲ್ಲ.

ಎಲ್ಲ ಮುಗಿದ ಮೇಲೆ ನಿಪ್ಪಲ್‌ಗಳನ್ನು ಹದವಾಗಿ ಬಿಗಿ ಮಾಡಿ, ಅವುಗಳ ರಬ್ಬರ್ ಟೋಪಿ ಹಾಕಿ. ಆ ಸಣ್ಣ ಟೋಪಿ ಇಲ್ಲದಿದ್ದರೆ ನೀರು ಕೂತು ಮುಂದಿನ ಸಲ ನಿಪ್ಪಲ್ ಬರೋದಿಲ್ಲ. ನಾವು ಇಂಜಿನ್ ಸ್ಟಾರ್ಟ್ ಮಾಡಿ ಪೆಡಲ್ ಒತ್ತಿ ಹಿಡಿದು ಅರ್ಧ ನಿಮಿಷ ಕಾದೆವು, ಇಳಿಯಲಿಲ್ಲ. ಆಮೇಲೆ ಅಂಗಳದಲ್ಲೇ ನಡಿಗೆ ವೇಗದಲ್ಲಿ ನಿಲ್ಲಿಸಿ ನೋಡಿ, ಖಾಲಿ ರಸ್ತೆಯಲ್ಲಿ ಸ್ವಲ್ಪ ಜೋರಾಗಿ ಹೋಗಿ ನಿಲ್ಲಿಸಿ ನೋಡಿದೆವು. "ಅಯ್ಯೋ, ಇಷ್ಟು ಮೇಲೇನೇ ಹಿಡಿಯುತ್ತಾ" ಅಂದಳು ತಂಗಿ. ಹೌದು, ಅಲ್ಲೇ ಹಿಡಿಯಬೇಕು.

ಮರುದಿನ ಬೆಳಿಗ್ಗೆ ನಾಲ್ಕೂ ನಿಪ್ಪಲ್ ಸುತ್ತ ಒಣ ಬಟ್ಟೆ ಒತ್ತಿ ನೋಡಿದೆ, ಡಬ್ಬಿಯ ಮಟ್ಟಕ್ಕೆ ಪೆನ್ನಿನಲ್ಲಿ ಗುರುತು ಹಾಕಿದೆ. ವಾರಕ್ಕೊಮ್ಮೆ ಆ ಗುರುತು ನೋಡು, ಇಳಿದಿದ್ದರೆ ಓಡಿಸಬೇಡ, ಫೋನ್ ಮಾಡು ಅಂತ ತಂಗಿಗೆ ಹೇಳಿದ್ದೇನೆ. ಉಳಿದ ಆಯಿಲ್ ಬಾಟಲಿಯನ್ನು ಮುಂದಿನ ಸಲಕ್ಕೆ ಅಂತ ಎತ್ತಿಡಬೇಡಿ, ಸೀಲ್ ಒಡೆದ ಮೇಲೆ ಅದೂ ತೇವ ಹೀರುತ್ತದೆ. ತೆಗೆದ ಹಳೇ ಆಯಿಲನ್ನು ಚರಂಡಿಗೋ ತೋಟಕ್ಕೋ ಸುರಿಯದೆ, ಬಾಟಲಿಯಲ್ಲಿ ಮುಚ್ಚಿ, ವೇಸ್ಟ್ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಇಂಜಿನ್ ಆಯಿಲ್ ಜೊತೆ ಬೆರೆಸಬೇಡಿ, ಬೇರೆ ಬಾಟಲಿಯಲ್ಲೇ ಕೊಡಿ.